ವ್ಯಾಲರಂಟ್ ಜೊತೆ ಬರುವ ವ್ಯಾನ್‌ಗಾರ್ಡ್: ಹಾಕುವ ಮುನ್ನ ಇಷ್ಟು ತಿಳಿದಿರಲಿ

ರಯಟ್ ಕಂಪನಿಯ ವ್ಯಾಲರಂಟ್ ಇನ್‌ಸ್ಟಾಲ್ ಮಾಡಿದರೆ ಪಿಸಿಗೆ ಬರುವುದು ಆಟವೊಂದೇ ಅಲ್ಲ, ವ್ಯಾನ್‌ಗಾರ್ಡ್ ಎಂಬ ಆಂಟಿ-ಚೀಟ್ (ಕಳ್ಳಾಟ ತಡೆಯುವ ತಂತ್ರಾಂಶ) ಕೂಡ. ಅದರಲ್ಲಿ ವಿಜಿಸಿ ಎಂಬ ಹಿನ್ನೆಲೆ ಸರ್ವಿಸ್ ಇದೆ, ವಿಜಿಕೆ ಎಂಬ ಕರ್ನಲ್ ಡ್ರೈವರ್, ಅಂದರೆ ವಿಂಡೋಸ್‌ನ ಅತಿ ಒಳಗಿನ ಪದರದಲ್ಲಿ ಪೂರ್ಣ ಅಧಿಕಾರದಿಂದ ಓಡುವ ಭಾಗ ಇದೆ. ತಕರಾರು ಇರುವುದು ಈ ಡ್ರೈವರ್ ಬಗ್ಗೆ. ನೀವು ಆಡಿ ಬಿಡಿ, ವಿಂಡೋಸ್ ಆನ್ ಆಗುವಾಗಲೇ ಅದು ಲೋಡ್ ಆಗುತ್ತದೆ. ಚೀಟ್ ಡ್ರೈವರ್ ಮೊದಲು ಒಳಹೊಕ್ಕರೆ ತನ್ನ ಗುರುತು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಈ ಏರ್ಪಾಡು. ತಾಂತ್ರಿಕವಾಗಿ ಒಪ್ಪಬಹುದಾದ ಕಾರಣವೇ. ಒಪ್ಪಲಾಗದ್ದು ಕೇಳುವ ರೀತಿ: ಷರತ್ತುಗಳ ಉದ್ದನೆಯ ಪಠ್ಯಕ್ಕೆ ಒಂದು ಕ್ಲಿಕ್ ಕೊಟ್ಟರೆ ಕರ್ನಲ್‌ಗೂ ಅನುಮತಿ ಕೊಟ್ಟಂತೆ. ಕರ್ನಲ್ ಡ್ರೈವರ್ ಇದ್ದರೆ ಮಾರಾಟದ ಪುಟದಲ್ಲೇ ಹೇಳಬೇಕೆಂದು ಪಿಸಿ ಆಟಗಳ ಆನ್‌ಲೈನ್ ಮಳಿಗೆ ಸ್ಟೀಮ್ 2024ರಲ್ಲಿ ನಿಯಮ ತಂದಿತು. ವ್ಯಾಲರಂಟ್ ಸ್ಟೀಮ್‌ನಲ್ಲಿಲ್ಲ, ಹಾಗಾಗಿ ಆ ನಿಯಮ ಅದಕ್ಕೆ ತಾಗದು.

ಭಯಕ್ಕೆ ಆಧಾರವಿದೆ. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ಇನ್ನೊಂದು ಆಟದ ಆಂಟಿ-ಚೀಟ್ ಡ್ರೈವರನ್ನೇ ಬಳಸಿ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ದಾಳಿಕೋರರು ಆಂಟಿವೈರಸ್ ನಿಲ್ಲಿಸಿದ್ದನ್ನು ಭದ್ರತಾ ಕಂಪನಿ ಟ್ರೆಂಡ್ ಮೈಕ್ರೋ ಬಯಲು ಮಾಡಿತು. ದಾಳಿಯಾದ ಯಂತ್ರದಲ್ಲಿ ಆಟ ಇರಬೇಕೆಂದೂ ಇರಲಿಲ್ಲ. ವಿಂಡೋಸ್ ನಂಬುವ ಡಿಜಿಟಲ್ ಸಹಿ ಇರುವ ಆ ಡ್ರೈವರನ್ನು ಅವರೇ ತಂದು ಹಾಕುತ್ತಿದ್ದರು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಜೋಡಿಸಿದ ಹಳೆಯ ಪಿಸಿಗಳಲ್ಲಿ ಇನ್ನೊಂದು ತೊಡಕು. ವಿಂಡೋಸ್ 11ರಲ್ಲಿ ವ್ಯಾನ್‌ಗಾರ್ಡ್‌ಗೆ ಟಿಪಿಎಂ 2.0 (ಕೀಗಳನ್ನು ಕಾಪಾಡುವ ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶದಿಂದಷ್ಟೇ ಪಿಸಿ ಆನ್ ಆಗುವ ವ್ಯವಸ್ಥೆ) ಎರಡೂ ಬೇಕು. ಇಲ್ಲದಿದ್ದರೆ ವ್ಯಾನ್ 9001 ಎರರ್. ಅವಸರದಲ್ಲಿ ಬಯಾಸ್‌ಗೆ (ಮದರ್‌ಬೋರ್ಡ್ ಸೆಟ್ಟಿಂಗ್ಸ್) ಹೋಗಿ ಸಿಎಸ್‌ಎಂ (ಹಳೆಯ ಬೂಟ್ ವಿಧಾನಕ್ಕೆ ಅವಕಾಶ ಕೊಡುವ ಆಯ್ಕೆ) ಆಫ್ ಮಾಡಬೇಡಿ. ಮೊದಲು ಸಿಸ್ಟಂ ಇನ್ಫರ್ಮೇಷನ್ ತೆರೆದು ಬಯಾಸ್ ಮೋಡ್ ನೋಡಿ. ಲೆಗಸಿ ಎಂದಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನಾ ಮಾದರಿಯದು, ಸಿಎಸ್‌ಎಂ ಆಫ್ ಆದೊಡನೆ ವಿಂಡೋಸ್ ಏಳುವುದೇ ಇಲ್ಲ. ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್‌ಟುಜಿಪಿಟಿ (mbr2gpt) ಆದೇಶದಿಂದ ಡಿಸ್ಕನ್ನು ಹೊಸ ಮಾದರಿಯಾದ ಜಿಪಿಟಿಗೆ ಬದಲಿಸಿ. ಆಮೇಲೆ ಸಿಎಸ್‌ಎಂ ಆಫ್, ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಆನ್ (ಟಿಪಿಎಂಗೆ ಅಲ್ಲಿರುವ ಹೆಸರುಗಳು ಇವು), ಕೊನೆಗೆ ಸೆಕ್ಯೂರ್ ಬೂಟ್. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ, ಈ ಬದಲಾವಣೆಯ ನಂತರ ಅದನ್ನು ಕೇಳುವ ಸಾಧ್ಯತೆ ಹೆಚ್ಚು.

ಆಟ ತೆಗೆದರೆ ವ್ಯಾನ್‌ಗಾರ್ಡ್ ಹೋಗುವುದಿಲ್ಲ. ಇದು ನಮ್ಮ ದೊಡ್ಡ ಆಕ್ಷೇಪ. ಗಡಿಯಾರದ ಪಕ್ಕದ ಕೆಂಪು ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸಿಟ್ ಕೊಡಿ, ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ರಯಟ್ ವ್ಯಾನ್‌ಗಾರ್ಡ್ ಹುಡುಕಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಹೋಯಿತೇ ಎಂದು ನೋಡಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಸಿ ಕ್ವೆರಿ ವಿಜಿಕೆ (sc query vgk) ಎಂದು ಕೊಡಿ. 1060 ಎರರ್ ಬಂದರೆ ಡ್ರೈವರ್ ಇಲ್ಲ. ಪವರ್‌ಶೆಲ್‌ನಲ್ಲಿ ಇದನ್ನೇ ಕೊಡಬೇಡಿ, ಅಲ್ಲಿ ಎಸ್‌ಸಿ ಎಂದರೆ ಫೈಲ್ ಬರೆಯುವ ಆದೇಶ. ಆಡುವ ದಿನ ಮಾತ್ರ ಬೇಕೆನ್ನುವವರು ಪಿಸಿ ಆನ್ ಮಾಡಿದಾಗಲೆಲ್ಲ ಎಕ್ಸಿಟ್ ಕೊಟ್ಟು ಬಿಡಬಹುದು, ಮತ್ತೆ ಆಡಲು ರೀಸ್ಟಾರ್ಟ್ ಬೇಕಾಗುತ್ತದೆ.

ಕಳ್ಳಾಟ ತಡೆಯುವುದರಲ್ಲಿ ವ್ಯಾನ್‌ಗಾರ್ಡ್ ಗಟ್ಟಿಗ, ಅದಕ್ಕೆ ಪೂರ್ಣ ಅಂಕ ಕೊಡುತ್ತೇವೆ. ಆಟಕ್ಕೆಂದೇ ಬೇರೆ ಪಿಸಿ ಇದ್ದರೆ ಹಾಕಿ. ವೈಟ್‌ಫೀಲ್ಡ್, ಮಾನ್ಯತಾ ಕಡೆಯ ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ, ನೆಟ್‌ಬ್ಯಾಂಕಿಂಗ್ ಮಾಡುವ ಮನೆಯ ಒಂದೇ ಪಿಸಿಯಲ್ಲಿ ಬೇಡ.