ಹೊರದೇಶದ ಟ್ರಾನ್ಸ್‌ಮಿಷನ್ ಕನ್ಸಲ್ಟೆನ್ಸಿ ಅಂತ ಸಿವಿ ಕೇಳಿದರೆ ಸಹಿ ಹಾಕುವ ಮೊದಲು ಓದಿ

ಕೆಪಿಟಿಸಿಎಲ್‌ನಿಂದ ನಿವೃತ್ತರಾದ ಲೈನ್ ಎಂಜಿನಿಯರುಗಳು ದಯವಿಟ್ಟು ಪೂರ್ತಿ ಓದಿ. ಕೋಪ ಇನ್ನೂ ಇಳಿದಿಲ್ಲ, ಬರೆದದ್ದು ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ಕೀನ್ಯಾದಲ್ಲಿ ಹೊಸ ವಿದ್ಯುತ್ ಲೈನುಗಳಿಗೆ ಕನ್ಸಲ್ಟೆಂಟ್ ಬೇಕು ಅಂತ ಟೆಂಡರ್. ದುಡ್ಡು ಅಭಿವೃದ್ಧಿ ಬ್ಯಾಂಕಿನ ಸಾಲದ್ದು. ಒಂದು ವಿದೇಶಿ ಕಂಪನಿಯ ಬಿಡ್ ಮ್ಯಾನೇಜರ್, ಅಂದರೆ ಟೆಂಡರ್ ಅರ್ಜಿ ತಯಾರು ಮಾಡುವವನು, ನನ್ನನ್ನು ಹುಡುಕಿಕೊಂಡು ಫೋನ್ ಮಾಡಿದ. "ಸರ್, ಶರಾವತಿ ಲೈನುಗಳಲ್ಲಿ ಕೆಲಸ ಮಾಡಿದವರು ಈಗೆಲ್ಲಿ ಸಿಗ್ತಾರೆ, ನೀವೇ ನಮ್ಮ ರೂಟ್ ಎಕ್ಸ್‌ಪರ್ಟ್" ಅಂದ. ಇಂಥ ಟೆಂಡರಿನಲ್ಲಿ ಸಿವಿಗೆ ಎಷ್ಟು ತೂಕ ಅಂತ ನಿಮಗೆ ಗೊತ್ತೇ ಇದೆ. ವಿಶ್ವಬ್ಯಾಂಕ್ ಮಾದರಿಯಲ್ಲಿ ಟೆಕ್ನಿಕಲ್ 100 ಅಂಕದಲ್ಲಿ 30ರಿಂದ 60 ಮುಖ್ಯ ತಜ್ಞರಿಗೇ ಹೋಗುತ್ತದೆ. ಅವರಿಗೆ ಬೇಕಿದ್ದದ್ದು ಆ ಅಂಕ, ನಾನಲ್ಲ.

ಸಿವಿ ಜೊತೆಗೆ ಮೆಥಡಾಲಜಿಯ, ಅಂದರೆ ಕೆಲಸ ಹೇಗೆ ಮಾಡುತ್ತೇವೆ ಅಂತ ವಿವರಿಸುವ ಬರಹದ, ರೂಟ್ ಸರ್ವೆ ಭಾಗವನ್ನೂ ನನ್ನ ಕೈಲೇ ಬರೆಸಿದರು. ಬಿಟ್ಟಿಯಾಗಿ. ಮನಸ್ಸಿಟ್ಟು ಬರೆದೆ ಕಣ್ರೀ. ಕೀನ್ಯಾದ ಟರ್ಕಾನಾ ಸರೋವರದ ಹತ್ತಿರ ಒಟ್ಟು 310 ಮೆಗಾವ್ಯಾಟ್‌ನ 365 ಗಾಳಿ ಟರ್ಬೈನುಗಳು 2017ರಲ್ಲೇ ನಿಂತಿದ್ದವು, ಆದರೆ ಸುಸ್ವಾ ಸಬ್‌ಸ್ಟೇಷನ್ನಿಗೆ ಹೋಗುವ 400 ಕೆವಿ ಲೈನು ಚಾರ್ಜ್ ಆಗಿ ಕರೆಂಟ್ ಹರಿದಿದ್ದು 2018ರ ಸೆಪ್ಟೆಂಬರಿನಲ್ಲಿ, ಯಾಕೆಂದರೆ ಸ್ಪೇನಿನ ಗುತ್ತಿಗೆದಾರ ದಿವಾಳಿಯಾದ, ಅದರ ಜೊತೆಗೆ ಜಮೀನಿನ ಪರಿಹಾರದ ತಕರಾರು. ಬಾರದ ಕರೆಂಟಿಗೆ ಆ ದೇಶ ದಂಡ ತೆತ್ತಿತು. ಅದಕ್ಕೇ ಟವರ್ ಜಾಗ ಗುರುತು ಮಾಡುವ ಮೊದಲೇ ದನಕರು ಮೇಯಿಸುವವರ ಜೊತೆ ಕೂತು ಮಾತಾಡಿ, ಆಮೇಲೆ ಚೆಕ್ ಸರ್ವೆ (ಟವರ್ ಜಾಗಗಳನ್ನು ನೆಲದ ಮೇಲೆ ಅಳೆದು ಖಚಿತ ಮಾಡುವ ಸರ್ವೆ) ಮಾಡಿ ಅಂತ ಪುಟಗಟ್ಟಲೆ ಬರೆದುಕೊಟ್ಟೆ.

ಆಮೇಲೆ ಯಾವಾಗ ಕೇಳಿದರೂ "ಇನ್ನೂ ಇವ್ಯಾಲ್ಯುಯೇಷನ್ ನಡೀತಿದೆ ಸರ್." ನಾನು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಕೂತಿದ್ದೆ. ನೆಂಟರಿಗೆಲ್ಲ ಹೇಳಿಯೂ ಆಗಿತ್ತು.

ಒಂದು ಸಂಜೆ ನೈರೋಬಿಯಲ್ಲಿರುವ ಹಳೇ ಸಹೋದ್ಯೋಗಿ ಫೋನ್ ಮಾಡಿದ. "ಸರ್, ಈಗ ಹೇಗಿದ್ದೀರಿ? ಹಾರ್ಟ್ ಪ್ರಾಬ್ಲಂ ಅಂತೆ?" ಯಾರಿಗೆ ಅಂದೆ. "ನಿಮಗೇ ಸರ್. ಕಂಪನಿಯವರು ಹಾಗೇ ಪತ್ರ ಕೊಟ್ಟಿದ್ದಾರೆ, ನಿಮ್ಮ ಜಾಗಕ್ಕೆ ಬೇರೆಯವರು ಬಂದು ಕೆಲಸ ಶುರು ಮಾಡಿದ್ದಾರೆ." ಕೈಕಾಲು ತಣ್ಣಗಾಯಿತು. ಟೆಂಡರ್ ಗೆದ್ದ ಮೇಲೆ ತಜ್ಞನನ್ನು ಬದಲಿಸಬೇಕಾದರೆ ಸಾವು ಅಥವಾ ಕಾಯಿಲೆಯಂಥ ಕಾರಣ ಕೊಡಬೇಕು, ಅಲ್ವಾ? ಅದಕ್ಕೇ ಗಟ್ಟಿಮುಟ್ಟಾಗಿರುವ ನನ್ನನ್ನು ರೋಗಿ ಮಾಡಿಬಿಟ್ಟರು. ಇನ್ನೂ ಕಡಿಮೆ ದುಡ್ಡಿಗೆ ಒಪ್ಪಿದವನೊಬ್ಬನಿಗಾಗಿ!

ಕಂಪನಿಯವರನ್ನೇ ಕೇಳಿದೆ, ಅವರ ಉತ್ತರ ನೋಡಿ. ಮೊದಲು "ಕಮ್ಯುನಿಕೇಷನ್ ಗ್ಯಾಪ್ ಸರ್." ಮತ್ತೆ ಕೇಳಿದ್ದಕ್ಕೆ "ಈ ವಯಸ್ಸಲ್ಲಿ ಫೀಲ್ಡ್ ಕಷ್ಟ ಸರ್, ನಿಮ್ಮ ಒಳ್ಳೇದಕ್ಕೇ ಮಾಡಿದ್ದು." ಕಾಯಿಲೆ ಪತ್ರದ ಕಾಪಿ ಕೊಡಿ ಅಂದಾಗ ದನಿಯೇ ಬೇರೆ. "ನಮ್ಮ ಜೊತೆ ಒಪ್ಪಂದ ಎಲ್ಲಿದೆ? ಸಿವಿಗೆ ಸಹಿ ಹಾಕಿದ್ದೀರಿ ಅಷ್ಟೇ." ಅಷ್ಟೇ ಅಂತೆ! ಬರೆದುಕೊಟ್ಟ ಮೆಥಡಾಲಜಿಯೂ ಅಷ್ಟೇನಾ? ಅದಕ್ಕೆ ಉತ್ತರವೇ ಇಲ್ಲ, ನಂಬರ್ ಬ್ಲಾಕ್.

ನಾನು ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ಲಗತ್ತಿಸಿ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದಿದ್ದೇನೆ. ನೀವು ಸಿವಿಯ ಪ್ರತಿ ಪುಟದ ಮೇಲೂ ಟೆಂಡರ್ ಹೆಸರು ಬರೆದು "ಇದಕ್ಕೆ ಮಾತ್ರ" ಅಂತ ಹಾಕಿ. ತಿಂಗಳ ಸಂಬಳ, ಎಷ್ಟು ತಿಂಗಳ ಕೆಲಸ, ಎರಡೂ ಲಿಖಿತವಾಗಿ ಬರುವವರೆಗೆ ಸಹಿ ಬೇಡ. ಮೆಥಡಾಲಜಿ ಸುಮ್ನೆ ಬರೆದುಕೊಡಬೇಡಿ, ಒಂದು ಪುಟ ಕೂಡ. ಟೆಂಡರ್ ಯಾರಿಗಾಯಿತು ಅಂತ ಅವರನ್ನು ಕೇಳಬೇಡಿ, ನೇರವಾಗಿ ಟೆಂಡರ್ ಕರೆದವರಿಗೇ ಮೇಲ್ ಹಾಕಿ.

ಅದೇ ಬಿಡ್ ಮ್ಯಾನೇಜರ್ ಈಗ ಇನ್ನೊಂದು ಟೆಂಡರಿಗೆ ನಮ್ಮ ಬ್ಯಾಚಿನವರಿಗೆ ಫೋನ್ ಮಾಡುತ್ತಿದ್ದಾನೆ ಅಂತ ನಿನ್ನೆ ಗೊತ್ತಾಯಿತು. ಫೋನ್ ಬಂದವರು ಸಿವಿ ಕಳಿಸುವ ಮೊದಲು ನನಗೊಂದು ಮೆಸೇಜ್ ಹಾಕಿ.