ಗ್ಯಾಲಗಾ: ಟಿವಿಯಲ್ಲಿ ಸಪ್ಪೆ, ಉದ್ದಕ್ಕೆ ನಿಲ್ಲಿಸಿದರೆ ಮಜಾ

ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ 2017ರಲ್ಲಿ ಬಂದ, ಹಳೆಯ ಆಟಗಳ ಸಂಗ್ರಹ ನಾಮ್ಕೋ ಮ್ಯೂಸಿಯಂನಲ್ಲಿ ಪ್ಯಾಕ್‌ಮ್ಯಾನ್, ಡಿಗ್ ಡಗ್ ಎಲ್ಲ ಇವೆ. ನಾನು ದುಡ್ಡು ಕೊಟ್ಟಿದ್ದು ಗ್ಯಾಲಗಾ ಒಂದಕ್ಕೇ, ಬಾಹ್ಯಾಕಾಶ ಹಡಗಿನಿಂದ ಗುಂಡು ಹಾರಿಸಿ ಹುಳುಗಳಂಥ ಶತ್ರುಗಳನ್ನು ಉರುಳಿಸುವ ಆಟ. ಉಳಿದವನ್ನು ಸರಿಯಾಗಿ ತೆರೆದೂ ನೋಡಿಲ್ಲ, ಅವುಗಳ ಬಗ್ಗೆ ಕೇಳಬೇಡಿ.

ಶುರುವಿನಲ್ಲಿ ಟಿವಿಯಲ್ಲೇ ಆಡುತ್ತಿದ್ದೆ. ಬೇಜಾರಾಯಿತು. 1981ರ ಆರ್ಕೇಡ್ ಯಂತ್ರದ (ನಾಣ್ಯ ಹಾಕಿ ಆಡುವ ಯಂತ್ರ) ಪರದೆ ಉದ್ದಕ್ಕೆ ನಿಂತದ್ದು. ಅಗಲದ ಟಿವಿಯಲ್ಲಿ ಆಟವೆಲ್ಲ ನಡುವಿನ ಪಟ್ಟಿಯಲ್ಲೇ ಮುಗಿಯುತ್ತದೆ, ಎರಡೂ ಪಕ್ಕ ಸುಮ್ನೆ ಖಾಲಿ. ಸಾಲದ್ದಕ್ಕೆ ನಮ್ಮ ಟಿವಿ ಬಟನ್ ಒತ್ತಿದ ಮೇಲೆ ಒಂದು ಕ್ಷಣ ಯೋಚನೆ ಮಾಡುತ್ತದೆ. ಗೇಮ್ ಮೋಡ್ ಹಾಕಿದರೆ ಪರವಾಗಿಲ್ಲ, ಅಷ್ಟೇ. ನಿಂಟೆಂಡೊದ ಹಳೆಯ ಯಂತ್ರ ಫ್ಯಾಮಿಕಾಮ್‌ಗೆ 1985ರಲ್ಲಿ ಬಂದ ಆವೃತ್ತಿಯಲ್ಲಿ ಸ್ಕೋರನ್ನು ಬಲಗಡೆಗೆ ತಳ್ಳಿ ಟಿವಿಗೆ ಹೊಂದಿಸಿದ್ದರು. ತೊಂಬತ್ತರ ದಶಕದಲ್ಲಿ ನಾವು 'ಕ್ಯಾಸೆಟ್' ಹಾಕಿ ಆಡಿದ್ದು ಅದನ್ನೇ. ನಿಜ ಹೇಳಬೇಕೆಂದರೆ ಟಿವಿಗೆ ಅದೇ ವಾಸಿ.

ಆಮೇಲೆ ಸೆಟ್ಟಿಂಗ್‌ನಲ್ಲಿ ಪರದೆ ತಿರುಗಿಸುವ ಆಯ್ಕೆ ಕಣ್ಣಿಗೆ ಬಿತ್ತು. ಈಗ ರಾತ್ರಿ ಊಟವಾದ ಮೇಲೆ ಟೇಬಲ್ ಒರೆಸಿ, ಎರಡೂ ಕಡೆಯ ಕಂಟ್ರೋಲರ್ ಬಿಚ್ಚಿ, ಸ್ವಿಚ್ಚನ್ನು ಚಕ್ಕುಲಿ ಡಬ್ಬಕ್ಕೆ ಉದ್ದಕ್ಕೆ ಒರಗಿಸುತ್ತೇನೆ. ಹಿಂದಿರುವ ಕಾಲು ಈ ಭಂಗಿಗೆ ಉಪಯೋಗಕ್ಕಿಲ್ಲ. ಡಬ್ಬ ತುಂಬಿರಬೇಕು, ಖಾಲಿಯಾದರೆ ಜಾರುತ್ತದೆ! ಪರದೆ ಚಿಕ್ಕದು, ಆದರೂ ಹುಳುಗಳು ಸುತ್ತು ಹೊಡೆದು ಮೇಲಿಂದ ಇಳಿಯುವ ಆಟ ಈಗ ಪರದೆಯ ಬಹುಪಾಲು ತುಂಬುತ್ತದೆ. 

ಈ ಆಟದ ರುಚಿಯೆಲ್ಲ ಇರುವುದು ಹುಳುಗಳ ನಾಯಕನಾದ ಹಸಿರು ಬಾಸ್‌ನಲ್ಲಿ. ಅದು ಕೆಳಗಿಳಿದು ನೀಲಿ ಬೆಳಕು ಚೆಲ್ಲಿ ನಮ್ಮ ಹಡಗನ್ನು ಎಳೆದುಕೊಂಡು ಹೋಗುತ್ತದೆ. ಬೇಕೆಂದೇ ಸಿಕ್ಕಿಬೀಳಬೇಕು. ಆಮೇಲೆ ಅದು ದಾಳಿಗೆ ಇಳಿದಾಗ ಹೊಡೆದರೆ ಹಡಗು ವಾಪಸ್, ಎರಡು ಹಡಗು ಜೋಡಿಯಾಗಿ ಗುಂಡು ಹಾರಿಸುತ್ತವೆ. ಸಾಲಿನಲ್ಲಿ ನಿಂತಿರುವಾಗಲೇ ಆತುರಪಟ್ಟು ಬಾಸನ್ನು ಕೊಂದರೆ ನಮ್ಮ ಹಡಗೇ ನಮ್ಮ ಮೇಲೆ ಬರುತ್ತದೆ. ಕೊನೆಯ ಹಡಗು ಸಿಕ್ಕಿಬಿದ್ದರಂತೂ ಆಟವೇ ಮುಗಿಯಿತು. ಜೋಡಿ ಹಡಗಿನ ಅಗಲವೂ ಜಾಸ್ತಿ, ಏಟು ಬೀಳೋದೂ ಜಾಸ್ತಿ. ಆದರೂ ಮೂರನೇ ಹಂತದ ಬೋನಸ್ ಸುತ್ತಿನಲ್ಲಿ 40 ಹುಳುಗಳನ್ನೂ ಹೊಡೆದು 10,000 ಅಂಕ ಗಿಟ್ಟಿಸೋಕೆ ಅದೇ ಬೇಕು.

ಒಂಟಿ ಹಡಗಿನಲ್ಲಿ ಪರದೆಯ ಮೇಲೆ ಒಮ್ಮೆಗೆ ಎರಡೇ ಗುಂಡು. ಬಟನ್ ಕುಟ್ಟಿ ಲಾಭವಿಲ್ಲ. ಕೊನೆಗೆ ಎಷ್ಟು ಗುಂಡು ಹಾರಿಸಿದಿರಿ, ಎಷ್ಟು ತಾಗಿತು ಅಂತ ಲೆಕ್ಕ ಬೇರೆ ತೋರಿಸುತ್ತದೆ, ಮಾನ ಹೋಗುತ್ತೆ.

ಒಂದೇ ಆಟಕ್ಕಾಗಿ ಪೂರ್ತಿ ಬೆಲೆ ಕೊಡಬೇಡಿ, ಸೇಲ್ ಬಂದಾಗ ತೊಗೊಳ್ಳಿ. ಟಿವಿಯಲ್ಲಿ ಮಾತ್ರ ಆಡುವವರಿಗೆ ಆಗಲೂ ಬೇಡ ಅಂತೀನಿ.