ಸ್ವಯಂಸೇವಕರು ಪ್ರಿಂಟ್ ಮಾಡಿಕೊಟ್ಟ ಕೈ: ಮೂರು ವರ್ಷ ಬಳಸಿದ ಮೇಲೆ

ಬಳಸುತ್ತಿರುವುದು ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಪ್ಲಾಸ್ಟಿಕ್ ಕೃತಕ ಕೈ, ಎಡಗೈಗೆ. ಇಂಥವನ್ನು ಮಾಡಿಕೊಡುವ ಸ್ವಯಂಸೇವಕರ ಜಾಲ ಇ-ನೇಬಲ್, ಅವರ ಫೀನಿಕ್ಸ್ ಅನ್ನೋ ಮಾಡೆಲ್. ಮಾಡಿಕೊಟ್ಟವರು ನಮ್ಮ ತುಮಕೂರಿನ ಒಂದಿಷ್ಟು ಇಂಜಿನಿಯರಿಂಗ್ ಹುಡುಗ ಹುಡುಗಿಯರು. ನಾನು ಕೊಟ್ಟ ದುಡ್ಡು ಸೊನ್ನೆ. ಮೂರು ವರ್ಷದ ಮೇಲಾಯಿತು, ಇನ್ನು ಧೈರ್ಯವಾಗಿ ಬರೆಯಬಹುದು. ಇಂಥ ಕೈಗಳ ಬಗ್ಗೆ ಓಡಾಡುವ ವಿಡಿಯೋ ಎಲ್ಲ ಮೊದಲನೇ ದಿನದವೇ ನೋಡಿ. ಮಗು ಚೆಂಡು ಹಿಡಿಯುತ್ತದೆ, ಅಮ್ಮ ಕಣ್ಣೊರೆಸಿಕೊಳ್ಳುತ್ತಾರೆ, ಹಿಂದೆ ಪಿಟೀಲು. ಆರು ತಿಂಗಳಾದ ಮೇಲೆ ಆ ಕೈ ಎಲ್ಲಿದೆ ಅಂತ ಯಾರೂ ತೋರಿಸಲ್ಲ.

ನನ್ನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಫ್ಯಾಕ್ಟರಿಯಲ್ಲಿ ಪವರ್ ಪ್ರೆಸ್‌ಗೆ ಎಡಗೈಯ ನಾಲ್ಕು ಬೆರಳು ಪೂರ್ತಿ, ಹೆಬ್ಬೆರಳು ಮುಕ್ಕಾಲು ಹೋಯಿತು. ಅಂಗೈ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಮಣಿಕಟ್ಟು ಚೆನ್ನಾಗಿ ಬಾಗುತ್ತದೆ. ಈಗ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಣಿಕಟ್ಟಿನ ಮಾತು ಯಾಕೆ ಬಂತು ಅಂದರೆ ಈ ಕೈ ನಡೆಯುವುದೇ ಅದರ ಮೇಲೆ.

ಇದರಲ್ಲಿ ಬ್ಯಾಟರಿ ಇಲ್ಲ, ಮೋಟರ್ ಇಲ್ಲ. ಪ್ರತಿ ಬೆರಳಿನ ತುದಿಯಿಂದ ಒಂದು ಗಾಳದ ದಾರ ಹೊರಟು, ಅಂಗೈ ಭಾಗದೊಳಗಿನ ತೂತುಗಳಲ್ಲಿ ಹಾದು, ಮಣಿಕಟ್ಟು ದಾಟಿ, ಮುಂಗೈ ಮೇಲೆ ಕೂರುವ ಚಿಪ್ಪಿನ ಹತ್ತಿರ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ. ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದರೆ ದಾರ ಎಳೆದು ಐದೂ ಬೆರಳು ಒಟ್ಟಿಗೆ ಮಡಚುತ್ತವೆ. ನೆಟ್ಟಗೆ ಮಾಡಿದರೆ ಬೆರಳಿನ ಬೆನ್ನಿಗಿರುವ ಎಲಾಸ್ಟಿಕ್ ವಾಪಸ್ ಎಳೆದು ಬಿಚ್ಚುತ್ತದೆ. ಅಷ್ಟೇ ಯಂತ್ರ. ಹಾಗಾಗಿ ಮಣಿಕಟ್ಟೇ ಇಲ್ಲದವರಿಗೆ ಇದು ಆಗುವುದಿಲ್ಲ. ಅವರಿಗೆ ಮೊಣಕೈಯಿಂದ ನಡೆಯುವ ಬೇರೆ ಡಿಸೈನ್ ಇದೆ. ರೋಟರಿ ಕ್ಲಬ್‌ನವರು ಶಿಬಿರ ಮಾಡಿ ಉಚಿತವಾಗಿ ಹಾಕಿಕೊಡುವ ಎಲ್‌ಎನ್-4 ಕೈ ಕೂಡ ಇದೆ. ನಾನು ಮೊದಲು ವಿಚಾರಿಸಿದ್ದು ಅದನ್ನೇ. ಅದು ಮೊಣಕೈ ಕೆಳಗೆ ಮುಂಗೈ ಉಳಿದು ಕೈ ಪೂರ್ತಿ ಹೋದವರಿಗೆ ಮಾಡಿದ್ದು, ನನ್ನ ಅರ್ಧ ಅಂಗೈಗೆ ಕೂರಲಿಲ್ಲ. ಅರ್ಧ ಉಳಿದವನ ಪಾಡು ಯಾವಾಗಲೂ ಇದೇ, ಪೂರ್ತಿ ಇದ್ದವರ ಸಾಲಿಗೂ ಸೇರಲ್ಲ, ಪೂರ್ತಿ ಹೋದವರ ಸಾಲಿಗೂ ಸೇರಲ್ಲ.

ಈ ಡಿಸೈನ್‌ಗಳ ಹಿನ್ನೆಲೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನಗೆ ಇಷ್ಟವಾದ ಭಾಗ ಅದು. ಜೊಹಾನ್ಸ್‌ಬರ್ಗ್‌ನ ರಿಚರ್ಡ್ ವಾನ್ ಆಸ್ ಅನ್ನುವ ಬಡಗಿ 2011ರಲ್ಲಿ ಗರಗಸಕ್ಕೆ ಬೆರಳು ಕಳೆದುಕೊಂಡರು. ಅಮೆರಿಕದ ಐವನ್ ಓವನ್ ಅನ್ನುವವರು ವೇಷ ಹಾಕೋಕೆ ಅಂತ ಮಾಡಿದ್ದ ದೊಡ್ಡ ಯಾಂತ್ರಿಕ ಕೈಯ ವಿಡಿಯೋ ಈ ಬಡಗಿಯ ಕಣ್ಣಿಗೆ ಬಿತ್ತು, ಇಬ್ಬರೂ ಸೇರಿದರು. 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಲ್ಲಿ ಒಬ್ಬ ಸೈನಿಕನಿಗೆ ತಿಮಿಂಗಿಲದ ಎಲುಬು, ಕರುಳಿನ ದಾರ ಬಳಸಿ ಮಾಡಿದ್ದ ಕೈಯನ್ನೂ ನೋಡಿ ಕಲಿತರು. ದಕ್ಷಿಣ ಆಫ್ರಿಕಾದ ಒಬ್ಬ ಪುಟ್ಟ ಹುಡುಗನಿಗೆ ಕೈ ಮಾಡಿಕೊಟ್ಟು, 2013ರ ಶುರುವಿನಲ್ಲಿ ಆ ಡಿಸೈನನ್ನು ಯಾರು ಬೇಕಾದರೂ ತಗೊಳ್ಳಿ ಅಂತ ಬಿಟ್ಟರು. ಅದೇ ವರ್ಷ ಅಮೆರಿಕದ ರಾಚೆಸ್ಟರ್‌ನ ಜಾನ್ ಶುಲ್ ಅನ್ನುವ ಸಂಶೋಧಕರು ಪ್ರಿಂಟರ್ ಇರುವವರನ್ನೆಲ್ಲ ಒಟ್ಟುಗೂಡಿಸಿದರು. ಇ-ನೇಬಲ್ ಹುಟ್ಟಿದ್ದು ಹಾಗೆ. ಅಂದರೆ ಇದರ ತಳಪಾಯದಲ್ಲಿ ನನ್ನ ಹಾಗೆ ಕೆಲಸ ಮಾಡುವಾಗ ಬೆರಳು ಕಳೆದುಕೊಂಡ ಒಬ್ಬ ಕಸುಬುದಾರ ಇದ್ದಾನೆ. ಎಲ್ಲಿ ಏನು ಬೇಕು ಅಂತ ಅವನಿಗೆ ಗೊತ್ತಿತ್ತು, ಅದು ಬಳಸುವಾಗ ಗೊತ್ತಾಗುತ್ತದೆ.

ಅಳತೆ ತಗೊಂಡದ್ದು ಫೋಟೋದಲ್ಲಿ. ಚೌಕುಳಿ ಹಾಳೆ ಮೇಲೆ ಎರಡೂ ಕೈ ಇಟ್ಟು, ನೇರ ಮೇಲಿನಿಂದ. ಅದರಿಂದ ಲೆಕ್ಕ ಹಾಕಿ ಎಷ್ಟು ಪರ್ಸೆಂಟ್ ದೊಡ್ಡದು ಮಾಡಬೇಕು ಅಂತ ಕಂಡುಹಿಡಿದರು. ಮುಂಗೈ ಚಿಪ್ಪು ಮಾತ್ರ ಪ್ರಿಂಟರ್‌ನಿಂದ ಚಪ್ಪಟೆ ಹಲಗೆಯಾಗಿ ಬರುತ್ತದೆ. ಅದನ್ನು ಕುದಿಯೋ ನೀರಿಗೆ ಅದ್ದಿದರು. ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಯಿತು. ನನ್ನ ಮುಂಗೈಗೆ ದಪ್ಪ ಟವೆಲ್ ಸುತ್ತಿ, ಅದರ ಮೇಲೆ ಆ ಹಲಗೆ ಬಾಗಿಸಿ ಹಿಡಿದುಕೊಂಡರು. ಒಂದು ನಿಮಿಷದೊಳಗೆ ಗಟ್ಟಿ. ಒಬ್ಬ ಹಿಡಿದುಕೊಂಡಿದ್ದ, ಇನ್ನೊಬ್ಬಳು "ಬಿಸಿ ತಾಗ್ತಿದೆಯಾ ಅಂಕಲ್" ಅಂತ ಕೇಳ್ತಾನೇ ಇದ್ದಳು. ಆಸ್ಪತ್ರೆಯಲ್ಲಿ ನನ್ನನ್ನು ಅಷ್ಟು ಸಲ ಯಾರೂ ಕೇಳಿರಲಿಲ್ಲ.

ಮೆತ್ತಗಾಗುವ ಆ ಗುಣವೇ ಇದರ ದೊಡ್ಡ ಶತ್ರು ಕೂಡ. ಪಿಎಲ್‌ಎ ಅನ್ನುವ ಈ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಬಂದರೆ ಆಕಾರ ಬಿಡುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಸ್ಕೂಟರ್ ಡಿಕ್ಕಿ, ಮುಚ್ಚಿದ ಕಾರು, ಇಲ್ಲೆಲ್ಲ ಇಡುವ ಹಾಗೇ ಇಲ್ಲ. ತುಮಕೂರಲ್ಲಿ ಹೇಗೋ ನಡೆಯುತ್ತದೆ, ರಾಯಚೂರು ಕಲಬುರಗಿ ಕಡೆಯವರು ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡಿ ಅಂತಲೇ ಕೇಳಿ. ಅದು ಇನ್ನೂ ಸ್ವಲ್ಪ ಬಿಸಿ ತಡೆಯುತ್ತದೆ. ಸ್ಟೌ ಹತ್ತಿರ, ಯಂತ್ರದ ಹತ್ತಿರ, ಗಾಡಿ ಓಡಿಸುವಾಗ ಹಾಕಬೇಡಿ ಅಂತ ಮಾಡಿಕೊಟ್ಟವರೇ ಹೇಳಿದ್ದರು, ಸರಿಯಾದ ಮಾತು.

ಇನ್ನು ಕೆಲಸಕ್ಕೆ ಬರುವುದೇನು? ನೀರಿನ ಬಾಟಲಿ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಮುಚ್ಚಳ ತೆಗೆಯಬಹುದು. ಬಸ್ಸಿನಲ್ಲಿ ಕೈಚೀಲ ಹಿಡಿದು ನಿಲ್ಲಬಹುದು, ತರಕಾರಿ ಹಗುರ ಇದ್ದರೆ. ಗಮ್ ಟೇಪಿನ ಉಂಡೆ ಹಿಡಿದುಕೊಂಡು ಎಳೆಯಬಹುದು. ದಪ್ಪ, ಹಗುರ, ದುಂಡಗಿನ ವಸ್ತು ಯಾವುದಿದ್ದರೂ ಪರವಾಗಿಲ್ಲ. ತೆಳ್ಳಗಿನದ್ದು ಸಿಕ್ಕಲ್ಲ. ಒಂದು ಹಾಳೆ, ಚಿಲ್ಲರೆ, ಪೆನ್ನು, ಅಂಗಿ ಗುಂಡಿ, ಇವಕ್ಕೆಲ್ಲ ಕೈ ಮುಗಿದುಬಿಡಿ. ಎ-4 ಹಾಳೆಯ 500ರ ಕಟ್ಟು ಸುಮಾರು ಎರಡೂಕಾಲು ಕೆಜಿ ಬರುತ್ತದೆ, ಅದನ್ನು ಎತ್ತಲು ಹೋದರೆ ಬೆರಳು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಜೆರಾಕ್ಸ್ ಅಂಗಡಿಯವನಿಗೆ ಹಾಳೆಯೇ ಹಿಡಿಯದ ಕೈ! ನಗು ಬರುತ್ತೆ ಅಲ್ವಾ. ಇನ್ನೊಂದು, ಹಿಡಿದುಕೊಂಡಿರಬೇಕು ಅಂದರೆ ಮಣಿಕಟ್ಟು ಬಗ್ಗಿಸಿಯೇ ಇರಬೇಕು. ಐದು ನಿಮಿಷಕ್ಕೆ ಮುಂಗೈ ನರ ಎಳೆಯುತ್ತದೆ. ಒಳಗಿನ ಫೋಮ್ ಬೆವರು ಕುಡಿದು ವಾಸನೆ ಬರುತ್ತದೆ, ಅದನ್ನು ಆಗಾಗ ಬದಲಾಯಿಸಬೇಕು. ವೆಲ್ಕ್ರೋ ಧೂಳು ಹಿಡಿದು ಸಡಿಲವಾಗುತ್ತದೆ.

ಮುರಿಯುವುದು ಮುರಿದೇ ಮುರಿಯುತ್ತದೆ. ಬೆರಳಿನ ಗೆಣ್ಣಿನ ಪಿನ್ನು ಮೊದಲು ಹೋಗುತ್ತದೆ, ಆಮೇಲೆ ದಾರದ ಗಂಟು ಜಾರುತ್ತದೆ. ದಾರ ಮೀನಿನ ಗಾಳ ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಎಲಾಸ್ಟಿಕ್ ಟೈಲರ್ ಸಾಮಾನಿನ ಅಂಗಡಿಯದ್ದೇ ನಡೆಯುತ್ತದೆ. ಗಂಟಿನ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಜಾರುವುದು ನಿಲ್ಲುತ್ತದೆ. ಇಷ್ಟನ್ನು ಮನೆಯಲ್ಲಿ ಹೆಂಡತಿ ಕಲಿತಿದ್ದಾಳೆ. ಒಂದೇ ಕೈಯಲ್ಲಿ ಗಂಟು ಹಾಕುವುದು ಆಗದ ಮಾತು. ಕೈ ಇಲ್ಲದವನ ಕೈ ರಿಪೇರಿಗೆ ಎರಡು ಕೈ ಬೇಕು, ಇದನ್ನು ಡಿಸೈನ್ ಮಾಡುವವರು ಯಾರಾದರೂ ಸ್ವಲ್ಪ ಯೋಚಿಸಿ.

ನಿಜವಾದ ತೊಂದರೆ ಬೇರೆ. ಮಾಡಿಕೊಟ್ಟವರು ಕೊನೇ ವರ್ಷದ ವಿದ್ಯಾರ್ಥಿಗಳು. ಪಾಸಾದರು, ಬೆಂಗಳೂರಿಗೆ ಹೋದರು, ತಪ್ಪೇನಿಲ್ಲ, ಅವರೂ ಬದುಕಬೇಕು. ಆದರೆ ನನ್ನ ಕೈಯ ಫೈಲ್ ಯಾರದೋ ಹಳೇ ಲ್ಯಾಪ್‌ಟಾಪ್‌ನಲ್ಲಿ ಉಳಿಯಿತು. ತೋರುಬೆರಳು ಮುರಿದಾಗ ಜೂನಿಯರ್ ಹುಡುಗ ಒಬ್ಬ ಖುಷಿಯಿಂದ ಹೊಸದು ಪ್ರಿಂಟ್ ಮಾಡಿಕೊಟ್ಟ. ಡೌನ್‌ಲೋಡ್ ಮಾಡಿದ ಅಳತೆಯಲ್ಲೇ, ನೂರು ಪರ್ಸೆಂಟ್. ನನ್ನ ಕೈ ಮಾಡಿದ್ದು ಅದಕ್ಕಿಂತ ದೊಡ್ಡದಾಗಿ. ಬೊಂಬೆ ಬೆರಳು ಬಂದ ಹಾಗಾಯಿತು, ಪಿನ್ನೂ ಹೋಗಲಿಲ್ಲ. ಸರಿಯಾದ ಅಳತೆ ಹುಡುಕುವಷ್ಟರಲ್ಲಿ ಆ ಕೈ ಬಹಳ ದಿನ ಡ್ರಾಯರ್‌ನಲ್ಲಿ ಮಲಗಿತ್ತು. ಶಾಲು ಹೊದಿಸಿ ಫೋಟೋ ತೆಗೆಯೋ ಕಾರ್ಯಕ್ರಮಕ್ಕೆ ಹಾಲ್ ಸಿಗುತ್ತದೆ, ಒಂದು ಪಿನ್ನು ಬದಲಾಯಿಸೋಕೆ ಮನುಷ್ಯ ಸಿಗಲ್ಲ.

ಈ ಹುಡುಗರಲ್ಲೇ ಒಬ್ಬಳು ಮಾಡಿದ ಇನ್ನೊಂದು ಕೆಲಸ ಮಾತ್ರ ಇವತ್ತಿಗೂ ದಿನಾ ಬಳಕೆಯಲ್ಲಿದೆ. ಕೈ ಬಗ್ಗೆ ನಾನು ದೂರಿದ್ದು ಕೇಳಿ ಅವಳು ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸುಮ್ನೆ ಸ್ಟೂಲ್ ಹಾಕಿಕೊಂಡು ಕೂತು ನೋಡಿದಳು. ಗಿರಾಕಿ ಬಂದಾಗ ನಾನು ಎಲ್ಲಿ ಹಲ್ಲಿನಿಂದ ಹಿಡಿಯುತ್ತೇನೆ, ಎಲ್ಲಿ ಹೊಟ್ಟೆಗೆ ಒತ್ತಿಕೊಳ್ಳುತ್ತೇನೆ ಅಂತ ಬರೆದುಕೊಂಡಳು. ಆಮೇಲೆ ಹಾಳೆ ಒತ್ತಿ ಹಿಡಿಯುವ ಒಂದು ಪಟ್ಟಿ ಮಾಡಿ ತಂದಳು. ಕೆಳಗೆ ರಬ್ಬರ್ ಅಂಟಿಸಿದ, ಒಳಗೆ ಕಬ್ಬಿಣದ ತುಂಡು ಕೂರಿಸಿದ ಉದ್ದನೆ ಪಟ್ಟಿ, ಮೇಲೆ ನನ್ನ ಮೋಟುಗೈ ತೂರುವಷ್ಟು ಕಮಾನು. ಹಾಳೆ ಮೇಲೆ ಇಟ್ಟು ಒತ್ತಿದರೆ ಅಲುಗಲ್ಲ. ಬಲಗೈಯಲ್ಲಿ ಕಟ್ಟರ್ ಎಳೆಯಬಹುದು, ಸ್ಟೇಪ್ಲರ್ ಒತ್ತಬಹುದು, ಅರ್ಜಿ ಬರೆಯುವಾಗ ಹಾಳೆ ಹಾರಲ್ಲ. ಇದರ ಜೊತೆ ಅಂಗೈಗೆ ಸುತ್ತುವ ಒಂದು ಬೆಲ್ಟು, ಅದರಲ್ಲೊಂದು ಜೇಬು, ಚಮಚವೋ ಬ್ರಶ್ಶೋ ತುರುಕಿದರೆ ನಿಲ್ಲುತ್ತದೆ. ಎರಡೂ ಸೇರಿ ಸಾಮಾನಿನ ಖರ್ಚು ಇನ್ನೂರು ರೂಪಾಯಿ ದಾಟಿರಲಾರದು. ನೋಡೋಕೆ ಕೈ ತರಹ ಇಲ್ಲ, ಹಾಗಾಗಿ ಯಾರೂ ವಿಡಿಯೋ ಮಾಡಲಿಲ್ಲ.

ಜೈಪುರ ಕಾಲು ಅನ್ನೋ ಕೃತಕ ಕಾಲು ಯಾಕೆ ಗೆದ್ದಿತು ಅಂತ ಈಗ ನನಗೆ ಅರ್ಥವಾಗುತ್ತದೆ. 1968ರ ಸುಮಾರಿಗೆ ಡಾಕ್ಟರ್ ಪಿ.ಕೆ. ಸೇಥಿ ಜೊತೆ ಕೂತು ಅದನ್ನು ರೂಪಿಸಿದ ರಾಮಚಂದ್ರ ಶರ್ಮ ಒಬ್ಬ ಕುಶಲಕರ್ಮಿ. ಬರಿಗಾಲಲ್ಲಿ ನಡೆಯಬೇಕು, ಕೆಸರಿಗೆ ಇಳಿಯಬೇಕು, ಕುಕ್ಕರಗಾಲಲ್ಲಿ ಕೂರಬೇಕು, ನಮ್ಮ ಜನ ಕಾಲಿನಿಂದ ಏನು ಮಾಡುತ್ತಾರೆ ಅಂತ ನೋಡಿ ಮಾಡಿದ್ದು ಅದು. ಕೈಗೆ ಅಷ್ಟು ಸುಲಭದ ಉತ್ತರ ಇಲ್ಲ, ಒಪ್ಪಿದೆ. ಅನ್ನ ಸಾರು ಕಲಸುವುದು ಬೇರೆ, ಸೈಕಲ್ ಹ್ಯಾಂಡಲ್ ಹಿಡಿಯುವುದು ಬೇರೆ. ಎರಡಕ್ಕೂ ಒಂದೇ ಪ್ಲಾಸ್ಟಿಕ್ ಕೈ ಕೊಟ್ಟರೆ ಎರಡೂ ಅರ್ಧಂಬರ್ಧ.

ಹಾಗಾದರೆ ತಗೊಳ್ಳಬೇಕಾ? ಮಕ್ಕಳಿಗೆ ಖಂಡಿತ ತಗೊಳ್ಳಿ. ಬೆಳೆಯುವ ಕೈಗೆ ಮತ್ತೆ ಮತ್ತೆ ಹೊಸದು ಬೇಕು, ಒಂದು ಕೆಜಿ ಪ್ಲಾಸ್ಟಿಕ್ ಸುರುಳಿ ಸಾವಿರ ರೂಪಾಯಿ ಆಸುಪಾಸು, ಒಂದು ಕೈಗೆ ಅದರಲ್ಲಿ ಅರ್ಧವೂ ಹೋಗಲ್ಲ. ಬ್ಯಾಟರಿ ಕೈಗೆ ಲಕ್ಷಗಟ್ಟಲೆ ಸುರಿದು ಮುಂದಿನ ವರ್ಷ ಅದು ಚಿಕ್ಕದಾದರೆ ಏನು ಮಾಡುತ್ತೀರಿ? ಜೊತೆಗೆ ಶಾಲೆಯಲ್ಲಿ "ನಿನ್ನ ಕೈ ಯಾಕೆ ಹಾಗಿದೆ" ಅನ್ನೋ ಮಕ್ಕಳು "ನಂಗೂ ತೋರ್ಸೋ" ಅಂತ ಹಿಂದೆ ಬೀಳುತ್ತಾರೆ, ಅದಕ್ಕೂ ಬೆಲೆ ಇದೆ. ಭಾರ ಎತ್ತುವ ಕೆಲಸದ ದೊಡ್ಡವರು ಆಸೆ ಕಡಿಮೆ ಇಟ್ಟುಕೊಂಡು ತಗೊಳ್ಳಿ. ಅಂಗವಿಕಲರಿಗೆ ಸಾಧನ ಕೊಡುವ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ, ಅಲ್ಲಿಯೂ ಅರ್ಜಿ ಹಾಕಿಡಿ, ಇದು ಸಿಕ್ಕಿತು ಅಂತ ಅದನ್ನು ಬಿಡಬೇಡಿ.

ಅಂಕ ಕೊಡಿ ಅಂದರೆ ಕೈಗೆ ಐದಕ್ಕೆ ಮೂರು, ಪಟ್ಟಿಗೆ ಐದಕ್ಕೆ ಐದು.

ಮಾಡಿಕೊಡುವವರು ಮನೆಗೆ ಬಂದ ದಿನವೇ ನಿಮ್ಮ ಕೈಯ ಫೈಲ್ ಪೆನ್‌ಡ್ರೈವ್‌ನಲ್ಲಿ ಕೇಳಿ ತಗೊಳ್ಳಿ. ಎಷ್ಟು ಪರ್ಸೆಂಟ್ ಅಳತೆಗೆ ಪ್ರಿಂಟ್ ಮಾಡಿದ್ದಾರೆ, ಯಾವ ಪ್ಲಾಸ್ಟಿಕ್, ಇಷ್ಟನ್ನು ಚಿಪ್ಪಿನ ಒಳಮೈ ಮೇಲೆ ಮಾರ್ಕರ್ ಪೆನ್ನಿನಲ್ಲಿ ಅವರ ಕೈಯಲ್ಲೇ ಬರೆಸಿ. ಪಿನ್ನು ಒಂದು ಹಿಡಿ ಜಾಸ್ತಿ ಕೇಳಿ, ಕೊಡುತ್ತಾರೆ.